ಮೆಟ್ರೋಪೋಲ್‌ನಲ್ಲಿ ಎರಡು ರಾತ್ರಿ, ಕಾಲ್ನಡಿಗೆಯಲ್ಲಿ ಮೈಸೂರು

ಅಪ್ಪ ಹೋದ ಮೇಲೆ ಸರಸ್ವತಿಪುರಂನ ಮನೆ ಮಾರಿದೆವು. ಅಮ್ಮ ನನ್ನ ಜೊತೆ ಶಿವಮೊಗ್ಗಕ್ಕೆ ಬಂದರು. ಅಲ್ಲಿಂದಾಚೆಗೆ ಮೈಸೂರಿಗೆ ಹೋಗಬೇಕು ಅನ್ನಿಸಿದಾಗಲೆಲ್ಲ ಒಂದೇ ಪ್ರಶ್ನೆ: ಇಳಿದುಕೊಳ್ಳುವುದು ಎಲ್ಲಿ? ನೆಂಟರ ಮನೆಗೆ ಹೋದರೆ ಪ್ರೀತಿಯಿಂದ ನೋಡಿಕೊಳ್ಳುತ್ತಾರೆ. ಆದರೆ ಊಟ, ತಿಂಡಿ, ಮಾತಿನಲ್ಲೇ ಎರಡು ದಿನ ಕಳೆದುಹೋಗುತ್ತದೆ, ಊರು ನೋಡಲು ಆಗುವುದಿಲ್ಲ.

ಅಮ್ಮನಿಗೆ 75 ತುಂಬಿದಾಗ ಏನು ಬೇಕಮ್ಮಾ ಅಂತ ಕೇಳಿದೆ. "ಮೆಟ್ರೋಪೋಲ್ ಒಳಗೆ ಒಂದ್ಸಲ ಹೋಗ್ಬೇಕು ಕಣೇ. ಅಷ್ಟು ವರ್ಷ ಅದರ ಮುಂದೇನೇ ಓಡಾಡಿದೀನಿ, ಗೇಟಿನೊಳಗೆ ಕಾಲಿಟ್ಟಿಲ್ಲ" ಅಂದರು. ಮೆಟ್ರೋಪೋಲ್ ಅಂದರೆ ಮೈಸೂರಿನ ಒಂದು ಹಳೇ ಹೋಟೆಲು. ಹಾಗೆ ಶುರುವಾಯಿತು. ಈಗ ಮೈಸೂರಿಗೆ ಹೋಗುವ ಗೆಳತಿಯರೆಲ್ಲ ನನಗೇ ಫೋನ್ ಮಾಡಿ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೋಟೆಲ್ ಆರಿಸುವ ವಿಷಯ. ಮೈಸೂರಿನಲ್ಲಿ ಹಳೆಯ ಕಟ್ಟಡದಲ್ಲಿ ಉಳಿಯಬೇಕು ಅಂದರೆ ಮೂರು ಹೆಸರು ಬರುತ್ತವೆ. ಲಲಿತ ಮಹಲ್ ಎಲ್ಲರಿಗೂ ಗೊತ್ತು. 1921ರಲ್ಲಿ ವೈಸ್‌ರಾಯ್ ಉಳಿದುಕೊಳ್ಳಲಿ ಅಂತ ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸಲು ಶುರು ಮಾಡಿದ ಅರಮನೆ ಅದು. ನಕ್ಷೆ ಇ.ಡಬ್ಲ್ಯೂ. ಫ್ರಿಚ್ಲೆ ಅವರದು. ಗುಮ್ಮಟ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ನೆನಪಿಸುತ್ತದೆ. 1974ರಲ್ಲಿ ಹೋಟೆಲ್ ಆಯಿತು. ನೋಡಲು ತುಂಬಾ ಚೆಂದ. ಆದರೆ ಊರಿನಾಚೆ, ಬೆಟ್ಟದ ಕಡೆಗಿದೆ. ಎಲ್ಲಿಗೆ ಹೋಗಬೇಕಾದರೂ ಆಟೋ ಬೇಕು. ಎರಡನೆಯದು ಜಯಲಕ್ಷ್ಮೀಪುರಂನ ಗ್ರೀನ್ ಹೋಟೆಲ್. ರಾಜಕುಮಾರಿಯರಿಗಾಗಿ ಕಟ್ಟಿದ ಚಿತ್ತರಂಜನ್ ಮಹಲು ಅದು, ಆಮೇಲೆ ಸಿನಿಮಾ ತೆಗೆಯುವ ಪ್ರೀಮಿಯರ್ ಸ್ಟುಡಿಯೋದವರ ಕೈಲಿತ್ತು. ತೋಟ ಇಷ್ಟಪಡುವವರಿಗೆ ಸರಿ.

ಮೂರನೆಯದೇ ಜೆ.ಎಲ್.ಬಿ. ರಸ್ತೆಯ ಮೂಲೆಯಲ್ಲಿರುವ ಮೆಟ್ರೋಪೋಲ್. 1920ರಲ್ಲಿ ಮಹಾರಾಜರು ತಮ್ಮ ಬ್ರಿಟಿಷ್ ಅತಿಥಿಗಳಿಗಾಗಿ ಕಟ್ಟಿಸಿದ್ದು. ಅರಮನೆಯಷ್ಟು ದೊಡ್ಡದಲ್ಲ, ಎರಡೇ ಅಂತಸ್ತು. ಹೆಂಚಿನ ಮಾಡು, ಅಗಲವಾದ ಜಗಲಿ, ನಡುವೆ ಅಂಗಳ. ನಾನು ಇದನ್ನು ಆರಿಸಲು ಕಾರಣ ಒಂದೇ. ಇಲ್ಲಿಂದ ಹಳೇ ಮೈಸೂರಿನ ಮುಕ್ಕಾಲು ಪಾಲು ನಡೆದೇ ನೋಡಬಹುದು. ರೈಲು ನಿಲ್ದಾಣ, ಜಗನ್ಮೋಹನ ಅರಮನೆ, ದೇವರಾಜ ಮಾರುಕಟ್ಟೆ, ಕುಕ್ಕರಹಳ್ಳಿ ಕೆರೆ, ಯಾವುದೂ ಅರ್ಧ ಗಂಟೆ ನಡಿಗೆಗಿಂತ ದೂರವಿಲ್ಲ. ಟ್ಯಾಕ್ಸಿ ಹಿಡಿದು ಒಂದೇ ದಿನದಲ್ಲಿ ಎಂಟು ಜಾಗ ಮುಗಿಸಿ, ರಾತ್ರಿ ಹೊತ್ತಿಗೆ ಯಾವುದು ಯಾವುದೋ ನೆನಪಿಲ್ಲದಂತಾಗುವುದು ನನಗೆ ಇಷ್ಟವಿಲ್ಲ. ಮೈಸೂರು ನಡೆಯುವವರ ಊರು.

ರೂಮ್ ಬುಕ್ ಮಾಡುವ ಮುಂಚೆ ಫೋನ್ ಮಾಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಬೇರೆ ರಾಜ್ಯದ ಒಂದು ಹಳೇ ಹೋಟೆಲಿನಲ್ಲಿ ನನಗೆ ಆದದ್ದು ಇದು: ಫೋಟೋದಲ್ಲಿ ಮರದ ತೊಲೆ, ಬಣ್ಣದ ಗಾಜಿನ ಕಿಟಕಿ. ದುಡ್ಡು ಕಟ್ಟಿ ಹೋದರೆ ಹಿತ್ತಲಲ್ಲಿ ಹೊಸದಾಗಿ ಕಟ್ಟಿದ ಬ್ಲಾಕಿನಲ್ಲಿ ರೂಮ್ ಕೊಟ್ಟರು. ಕಿಟಕಿ ತೆಗೆದರೆ ನೀರಿನ ಟ್ಯಾಂಕು. ಕೇಳಿದರೆ "ಹಳೇ ಕಟ್ಟಡದ ರೂಮ್ ಅಂತ ನೀವು ಹೇಳಿರಲಿಲ್ಲವಲ್ಲ" ಅಂದರು. ಅಂದಿನಿಂದ ನಾನು ಮೂರು ಮಾತು ಕೇಳದೆ ದುಡ್ಡು ಕಟ್ಟುವುದಿಲ್ಲ. ರೂಮ್ ಹಳೆಯ ಕಟ್ಟಡದಲ್ಲೇ ಇದೆಯಾ? ಕಿಟಕಿ ರಸ್ತೆ ಕಡೆಗೋ, ಒಳಗಿನ ಅಂಗಳದ ಕಡೆಗೋ? ರೂಮಿಗೆ ಹೋಗಲು ಎಷ್ಟು ಮೆಟ್ಟಿಲು ಹತ್ತಬೇಕು? ಮೆಟ್ರೋಪೋಲ್ ಇರುವುದು ದೊಡ್ಡ ಸರ್ಕಲ್ಲಿನ ಪಕ್ಕ, ಬೆಳಗಿನಿಂದಲೇ ಬಸ್ಸು ಲಾರಿ ಸದ್ದು. ಅದಕ್ಕೇ ಅಂಗಳದ ಕಡೆಯ ರೂಮೇ ಮೇಲು. ಅಮ್ಮನ ಮಂಡಿನೋವಿನಿಂದಾಗಿ ನಾನು ಕೆಳಗಿನ ಅಂತಸ್ತೇ ಬೇಕು ಅಂತ ಮೊದಲೇ ಹೇಳಿಟ್ಟೆ, ಕೊಟ್ಟರು. ತೆರಿಗೆ ಸೇರಿ ಒಟ್ಟು ಎಷ್ಟಾಗುತ್ತೆ, ಬೆಳಗಿನ ತಿಂಡಿ ಸೇರಿದೆಯಾ ಅನ್ನುವುದನ್ನೂ ಅದೇ ಫೋನಿನಲ್ಲಿ ಕೇಳಿಬಿಡಿ.

ದಿನ ಆರಿಸುವುದರಲ್ಲೂ ಒಂದು ಲೆಕ್ಕ ಇದೆ. ಭಾನುವಾರ ಬೆಳಗ್ಗೆ ಬಂದು ಮಂಗಳವಾರ ಹೊರಡಿ. ಭಾನುವಾರ ಸಂಜೆ ಅರಮನೆ ದೀಪ ಹಚ್ಚುತ್ತಾರೆ. ಬೆಂಗಳೂರಿನಿಂದ ಶನಿವಾರ ಬಂದವರೆಲ್ಲ ಅಂದು ರಾತ್ರಿಯೇ ವಾಪಸ್ ಹೋಗುತ್ತಾರೆ. ಸೋಮವಾರದ ಮೈಸೂರು ನಿಮ್ಮದು. ಆದರೆ ಮಂಗಳವಾರ ಮೃಗಾಲಯಕ್ಕೆ ರಜೆ, ಮಕ್ಕಳಿದ್ದರೆ ಅದನ್ನು ಸೋಮವಾರವೇ ಮುಗಿಸಿ. ದಸರಾ ಹತ್ತು ದಿನದಲ್ಲಿ ಹೋಗುವುದಾದರೆ ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಬೇಕು, ಬಾಡಿಗೆಯೂ ಜಾಸ್ತಿ. ಊರು ನೋಡಲು ಬರುವವರಿಗೆ ಅದು ಕಾಲವಲ್ಲ. ದಸರಾ ನೋಡಲು ಬರುವವರಿಗೆ ಮಾತ್ರ.

ನಾವು ಬೆಳಗ್ಗೆಯೇ ರೈಲು ಇಳಿದೆವು. ರೂಮ್ ಸಿಗುವುದು ಮಧ್ಯಾಹ್ನ. ಇಂಥ ಹೊತ್ತಿನಲ್ಲಿ ರಿಸೆಪ್ಷನ್ನಿನಲ್ಲಿ ಬ್ಯಾಗು ಇಟ್ಟು ಕೆ.ಆರ್.ಎಸ್. ರಸ್ತೆಯ ರೈಲ್ವೆ ಮ್ಯೂಸಿಯಂಗೆ ಹೋಗಿ. ಸ್ಟೇಷನ್ ಪಕ್ಕದಲ್ಲೇ ಇದೆ. 1979ರಲ್ಲಿ ಶುರುವಾದದ್ದು. ಉಗಿಬಂಡಿಗಳ ಮುಂದೆ ಮಕ್ಕಳು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ನೀವು ಮಹಾರಾಣಿಯವರ ಸಲೂನ್ ಬೋಗಿ ಹುಡುಕಿ. 1899ರದ್ದು. ಅಡುಗೆಮನೆ, ಊಟದ ಜಾಗ, ಮಲಗುವ ಕೋಣೆ ಎಲ್ಲ ಹಳಿಯ ಮೇಲೆ. ಅಮ್ಮ ಕಿಟಕಿಗೆ ಮುಖ ಒತ್ತಿ ಒಳಗಿನದನ್ನೆಲ್ಲ ನೋಡಿದರು.

ಹನ್ನೆರಡಕ್ಕೆ ರೂಮ್ ಸಿಕ್ಕಿತು. ಬಾಗಿಲು ತೆಗೆದಾಗ ಮೊದಲು ಗಮನಕ್ಕೆ ಬರುವುದು ಸೂರು. ಈಗಿನ ಮನೆಗಳಲ್ಲಿ ಕೈ ಎತ್ತಿದರೆ ಫ್ಯಾನ್ ತಗಲುತ್ತದೆ, ಇಲ್ಲಿ ಕತ್ತೆತ್ತಿ ನೋಡಬೇಕು. ಗೋಡೆ ದಪ್ಪ, ಒಳಗೆ ತಂಪು. ಹಳೇ ಕಟ್ಟಡದಲ್ಲಿ ಉಳಿಯುವವರು ಕೆಲವು ಸಣ್ಣ ವಿಷಯ ತಿಳಿದಿರಬೇಕು. ನಲ್ಲಿಯಲ್ಲಿ ಬಿಸಿನೀರು ಬರಲು ಸ್ವಲ್ಪ ಹೊತ್ತು ಹಿಡಿಯಬಹುದು, ನೀರು ಚೆಲ್ಲದೆ ಬಕೆಟ್ಟಿಗೆ ಹಿಡಿದಿಟ್ಟುಕೊಳ್ಳಿ. ಸಂಜೆ ಐದೂವರೆಗೇ ಕಿಟಕಿ ಹಾಕಿ, ಇಲ್ಲದಿದ್ದರೆ ಸೊಳ್ಳೆ. ಮರದ ಮೆಟ್ಟಿಲ ಮೇಲೆ ರಾತ್ರಿ ಮೆತ್ತಗೆ ಕಾಲಿಡಿ, ಒಬ್ಬರ ಹೆಜ್ಜೆ ಹತ್ತು ರೂಮಿಗೆ ಕೇಳಿಸುತ್ತದೆ.

ಇನ್ನೊಂದು: ರೂಮ್ ಸಿಕ್ಕ ತಕ್ಷಣ ಹೊರಗೆ ಓಡಬೇಡಿ. ಹೋಟೆಲೇ ನೀವು ನೋಡಲು ಬಂದ ಮೊದಲ ಜಾಗ ಅಲ್ವಾ? ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಹೋಟೆಲಿನಲ್ಲಿ ಯಾರೂ ಇರುವುದಿಲ್ಲ, ಎಲ್ಲ ಊರು ಸುತ್ತಲು ಹೋಗಿರುತ್ತಾರೆ. ಆ ಹೊತ್ತಿನಲ್ಲಿ ಒಬ್ಬ ಹಳೇ ಕೆಲಸಗಾರರನ್ನು ಹುಡುಕಿ, "ಕಟ್ಟಡ ತೋರಿಸ್ತೀರಾ?" ಅಂತ ಕೇಳಿ. ನಮಗೆ ತೋರಿಸಿದವರು ಊಟದ ಮನೆಯಲ್ಲಿ ಬಡಿಸುವವರು. ಅಮ್ಮನ ಕೈ ಹಿಡಿದು ದೊಡ್ಡ ಮರದ ಮೆಟ್ಟಿಲಿನ ಬುಡಕ್ಕೆ ಕರೆದುಕೊಂಡು ಹೋದರು. "ಮುಟ್ಟಿ ನೋಡಿ ಅಮ್ಮಾ" ಅಂದರು. ರೇಲಿಂಗಿನ ಮರ ಕೈ ತಾಗಿ ತಾಗಿ ಹಲಸಿನ ಬೀಜದಷ್ಟು ನುಣ್ಣಗಾಗಿತ್ತು. ಅಮ್ಮ ಎರಡು ಮೆಟ್ಟಿಲು ಹತ್ತಿ ನಿಂತರು, ಅಲ್ಲಿಂದ ಗೇಟಿನ ಕಡೆ ನೋಡಿದರು. "ಅಲ್ಲಿಂದ ಇಲ್ಲಿಗೆ ಇಷ್ಟೇನಾ ದೂರ" ಅಂದರು. ನಾನು ಏನೂ ಹೇಳಲಿಲ್ಲ.

ಭಾನುವಾರ ಸಂಜೆ ಅರಮನೆಗೆ ಆಟೋದಲ್ಲೇ ಹೋದೆವು. ವಯಸ್ಸಾದವರ ಶಕ್ತಿಯನ್ನು ನಿಂತು ನೋಡುವುದಕ್ಕೆ ಉಳಿಸಿಡಬೇಕು. ದೀಪ ಹತ್ತುವುದು ಏಳರ ಸುಮಾರಿಗೆ. ಆರೂವರೆಗೇ ಹೋಗಿ ಜಾಗ ಹಿಡಿಯಿರಿ. ಕತ್ತಲು ಪೂರ್ತಿ ಆಗಿರುವುದಿಲ್ಲ, ಗೋಪುರಗಳು ಬೂದುಬಣ್ಣಕ್ಕೆ ತಿರುಗಿರುತ್ತವೆ. ಎಲ್ಲರೂ ಮಾತಾಡುತ್ತಿರುತ್ತಾರೆ. ಇದ್ದಕ್ಕಿದ್ದ ಹಾಗೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತುತ್ತವೆ. ಆ ಒಂದು ಕ್ಷಣಕ್ಕೆ ಜನ "ಹಾ" ಅನ್ನುತ್ತಾರಲ್ಲ, ಅದು ನನಗೆ ದೀಪಕ್ಕಿಂತ ಇಷ್ಟ. ಮೊಬೈಲ್ ಹಿಡಿದು ನಿಂತವರಿಗೆ ಆ ಕ್ಷಣ ಸಿಗುವುದಿಲ್ಲ. ಫೋಟೋ ಆಮೇಲೆ ತೆಗೆಯಿರಿ, ದೀಪ ಮುಕ್ಕಾಲು ಗಂಟೆಯಷ್ಟು ಹೊತ್ತು ಇರುತ್ತದೆ.

ಸೋಮವಾರ ಬೆಳಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆ. ಹೋಟೆಲಿಂದ ಹುಣಸೂರು ರಸ್ತೆ ಹಿಡಿದು ವಿಶ್ವವಿದ್ಯಾಲಯದ ಕ್ರಾಫರ್ಡ್ ಹಾಲ್ ದಾಟಿದರೆ ಆಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ. ಕುವೆಂಪು ಅವರು ವಾಕಿಂಗ್ ಮಾಡುತ್ತಿದ್ದ ದಾರಿ ಇದೇ. ಸುತ್ತ ಪೂರ್ತಿ ನಡೆಯಬೇಕಾಗಿಲ್ಲ. ಏರಿಯ ಮೇಲೆ ಒಂದು ಕಲ್ಲು ಬೆಂಚು ಹಿಡಿದು ಕುಳಿತರೆ ಹೆಜ್ಜಾರ್ಲೆಗಳು ನೀರಿಗೆ ಇಳಿಯುವುದು ಕಾಣುತ್ತದೆ. ಅಷ್ಟು ದಪ್ಪ ಹಕ್ಕಿ ಅಷ್ಟು ಸದ್ದಿಲ್ಲದೆ ಹೇಗೆ ಇಳಿಯುತ್ತೋ! ಅಪ್ಪ ದಿನಾ ಬೆಳಗ್ಗೆ ಇಲ್ಲಿಗೆ ಬರುತ್ತಿದ್ದರು. ಅಮ್ಮ ಅವರ ಜೊತೆ ಬಂದದ್ದು ಕಡಿಮೆ, ಮನೆಯಲ್ಲಿ ತಿಂಡಿ ಆಗಬೇಕಿತ್ತಲ್ಲ. ಈ ಸಲ ಅಮ್ಮ ಏಳೂವರೆವರೆಗೆ ಬೆಂಚಿನಿಂದ ಎದ್ದೇಳಲಿಲ್ಲ.

ತಿಂಡಿಗೆ ಹೋಟೆಲಿಗೆ ವಾಪಸ್ ಬರಬಹುದು. ಆದರೆ ಒಂದು ದಿನವಾದರೂ ನಜರ್‌ಬಾದಿನ ಮೈಲಾರಿಗೆ ಹೋಗಿ. ಅದಕ್ಕೆ ಆಟೋ ಬೇಕು. ಅಲ್ಲಿಯ ದೋಸೆ ಗರಿಗರಿ ಅಲ್ಲ, ಹತ್ತಿಯಂತೆ ಮೆತ್ತಗೆ. ಮೇಲೆ ಬೆಣ್ಣೆ, ಒಳಗೆ ಆಲೂಗಡ್ಡೆ ಪಲ್ಯದ ಬದಲು ಈರುಳ್ಳಿ ಸಾಗು. ಒಂದು ತಿಂದು ನಿಲ್ಲಿಸಿದವರನ್ನು ನಾನು ನೋಡಿಲ್ಲ. ಜಾಗ ಚಿಕ್ಕದು, ನಿಂತು ಕಾಯಬೇಕು. ಬೆಳಗ್ಗೆಯೇ ಹೋಗಿ.

ಆಮೇಲೆ ಜನ ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಜಾಗ ಹೇಳುತ್ತೇನೆ. ಮೆಟ್ರೋಪೋಲ್ ಹತ್ತಿರವೇ, ಕೃಷ್ಣರಾಜ ಬುಲೇವಾರ್ಡ್ ಅಂತ ಮರಗಳ ನಡುವಿನ ಒಂದು ಚೆಂದದ ರಸ್ತೆ ಇದೆ. ಅಲ್ಲಿರುವುದು ಪ್ರಾಚ್ಯವಿದ್ಯಾ ಸಂಶೋಧನಾಲಯ. 1891ರಲ್ಲಿ ಓಲೆಗರಿ ಭಂಡಾರವಾಗಿ ಶುರುವಾಯಿತು. ಕೌಟಿಲ್ಯನ ಅರ್ಥಶಾಸ್ತ್ರ ಕಳೆದೇಹೋಯಿತು ಅಂತ ಲೋಕವೆಲ್ಲ ತಿಳಿದಿದ್ದಾಗ, ತಂಜಾವೂರು ಕಡೆಯ ಒಬ್ಬ ಪಂಡಿತರು ಒಂದು ಓಲೆಗರಿ ಕಟ್ಟು ತಂದು ಇಲ್ಲಿ ಕೊಟ್ಟರು. 1905ರಲ್ಲಿ ಇಲ್ಲಿಯ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದು ಏನು ಅಂತ ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಒಳಗೆ ಹೋಗಲು ಆಗದಿದ್ದರೂ ಹೊರಗೆ ಐದು ನಿಮಿಷ ನಿಂತು ಬನ್ನಿ. ನಾನು ಓದುವಾಗ ಈ ಕಟ್ಟಡದ ಮುಂದೆ ಸೈಕಲ್ ಮೇಲೆ ಹೋಗುತ್ತಿದ್ದೆ. ಇದರೊಳಗೆ ಏನು ನಡೆದಿತ್ತು ಅಂತ ಆಗ ಯಾರೂ ಹೇಳಲಿಲ್ಲ. ಮಕ್ಕಳನ್ನು ಕರೆದುಕೊಂಡು ಬಂದರೆ ದಯವಿಟ್ಟು ಹೇಳಿ.

ಅಲ್ಲಿಂದ ಜಗನ್ಮೋಹನ ಅರಮನೆಗೆ ನಿಧಾನವಾಗಿ ನಡೆಯಿರಿ. 1861ರದ್ದು. 1897ರಲ್ಲಿ ಹಳೇ ಮರದ ಅರಮನೆ ಸುಟ್ಟುಹೋದ ಮೇಲೆ ರಾಜಮನೆತನ ಇಲ್ಲಿಗೇ ಬಂದಿತ್ತು, 1902ರಲ್ಲಿ ನಾಲ್ವಡಿಯವರು ಅಧಿಕಾರ ವಹಿಸಿಕೊಂಡದ್ದೂ ಇಲ್ಲೇ. ಈಗ ಚಿತ್ರಶಾಲೆ. ಎಲ್ಲ ಚಿತ್ರ ನೋಡುತ್ತೇನೆ ಅಂತ ಹೊರಟರೆ ಕಾಲು ಸೋಲುತ್ತದೆ. ರವಿವರ್ಮನ ಚಿತ್ರಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ, ಆಮೇಲೆ ದೀಪ ಹಿಡಿದ ಹೆಂಗಸಿನ ಚಿತ್ರ ಎಲ್ಲಿ ಅಂತ ಕೇಳಿ. ಇದನ್ನೂ ರವಿವರ್ಮನದು ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಇದು ಎಸ್.ಎಲ್. ಹಲ್ದಣಕರ್ ಅವರು 1945-46ರಲ್ಲಿ ಬರೆದದ್ದು, ಮಗಳು ಗೀತಾ ದೀಪ ಹಿಡಿದು ನಿಂತಿದ್ದಾರೆ. ಅದು ಜಲವರ್ಣ ಅನ್ನುವುದೇ ಆಶ್ಚರ್ಯ. ಎಣ್ಣೆಬಣ್ಣವಾದರೆ ತಪ್ಪಾದಲ್ಲಿ ಮೇಲೊಂದು ಬಳಿಯಬಹುದು. ನೀರುಬಣ್ಣದಲ್ಲಿ ಅದು ಸುಲಭವಿಲ್ಲ. ಬೆರಳುಗಳ ಸಂದಿಯಲ್ಲಿ ಬೆಳಕು ಕೆಂಪಗೆ ಸೋಸಿ ಬರುವುದನ್ನು ಹತ್ತಿರದಿಂದ ನೋಡಿ. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಬನ್ನಿ. ಮುಖ ಬೆಳಗುತ್ತದೆ. ಅಮ್ಮ ತಮ್ಮ ಕೈಯನ್ನೇ ದೀಪಕ್ಕೆ ಅಡ್ಡ ಹಿಡಿದ ಹಾಗೆ ಮಾಡಿ ನೋಡಿಕೊಂಡರು.

ಮಧ್ಯಾಹ್ನ ಊಟ ಮಾಡಿ ಮಲಗಿ. ನಿಜವಾಗಿ ಹೇಳುತ್ತಿದ್ದೇನೆ. ಊರ ನಡುವೆ ರೂಮ್ ಮಾಡುವುದರ ಲಾಭವೇ ಅದು. ನಾಲ್ಕೂವರೆಗೆ ಎದ್ದು ಕಾಫಿ ಕುಡಿದು, ಧನ್ವಂತರಿ ರಸ್ತೆಯಲ್ಲಿ ನಡೆದು ಸಯ್ಯಾಜಿರಾವ್ ರಸ್ತೆಗೆ ಬನ್ನಿ. ಅಲ್ಲೇ ದೇವರಾಜ ಮಾರುಕಟ್ಟೆ.

ಮಾರುಕಟ್ಟೆಗೆ ಒಂದೂವರೆ ಗಂಟೆ ಇಡಿ. ಕೈಯಲ್ಲಿ ಬಟ್ಟೆ ಚೀಲ, ಜೇಬಿನಲ್ಲಿ ಚಿಲ್ಲರೆ. ಒಳಗೆ ಹೋದ ಮೇಲೆ ದಾರಿ ತಪ್ಪಿದರೆ ಹೆದರಬೇಡಿ, ವಾಸನೆ ಹಿಡಿದು ನಡೆಯಿರಿ. ಬಾಳೆಹಣ್ಣಿನ ಸಾಲು, ಕುಂಕುಮದ ಗೋಪುರಗಳ ಸಾಲು, ಗಂಧದ ಕಡ್ಡಿ, ಕೊನೆಗೆ ಹೂವು. ನಂಜನಗೂಡು ರಸಬಾಳೆ ಕಂಡರೆ ಬಿಡಬೇಡಿ, ಈಗ ಬೆಳೆಯುವವರೇ ಕಡಿಮೆ. ಮೈಸೂರು ಮಲ್ಲಿಗೆ ಸಂಜೆ ಹೊತ್ತಿಗೆ ಅರಳಲು ಶುರುವಾಗಿರುತ್ತದೆ, ಮೊಗ್ಗಿರುವಾಗಲೇ ಕೊಳ್ಳಿ. ಹೂವಿನವನು ಮೊಳ ಹಾಕುವಾಗ ಅಮ್ಮ ಅವನ ಮೊಣಕೈಯನ್ನೇ ನೋಡುತ್ತಿದ್ದರು.

"ನಿನ್ನ ಮೊಳ ಗಿಡ್ಡ ಆಯ್ತಲ್ಲಪ್ಪಾ."

"ಕೈ ದೇವರು ಕೊಟ್ಟದ್ದು ಅಜ್ಜೀ. ಒಂದು ಗೇಣು ಜಾಸ್ತಿ ಹಾಕ್ತೀನಿ, ಮುಡ್ಕೊಳ್ಳಿ" ಅಂದ. ಹಾಕಿಯೇ ಕೊಟ್ಟ.

2016ರಲ್ಲಿ ಈ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಎದುರಿನ ಲ್ಯಾನ್ಸ್‌ಡೌನ್ ಕಟ್ಟಡದ್ದೂ 2012ರಲ್ಲಿ ಹಾಗೇ ಆಗಿತ್ತು. ಕೆಡವಿ ಹೊಸದು ಕಟ್ಟಬೇಕೋ, ಇರುವುದನ್ನೇ ಗಟ್ಟಿ ಮಾಡಬೇಕೋ ಅನ್ನುವ ಜಗಳ ವರ್ಷಗಟ್ಟಲೆ ನಡೆದಿದೆ. ನಾನು ಉಳಿಸಬೇಕು ಅನ್ನುವವರ ಕಡೆ. ಅಲ್ಲಿ ವ್ಯಾಪಾರ ಮಾಡುವವರ ತಲೆ ಮೇಲೆ ಸೂರು ಬೀಳಬಾರದು ಅನ್ನುವುದೂ ಅಷ್ಟೇ ಮುಖ್ಯ. ಎರಡೂ ಆಗುವ ದಾರಿ ಇದೆ ಅಂತ ನಂಬುತ್ತೇನೆ. ನೀವು ಹೋದಾಗ ಹತ್ತು ರೂಪಾಯಿಯ ಹೂವಾದರೂ ಅಲ್ಲೇ ಕೊಳ್ಳಿ, ಸುಮ್ನೆ ಫೋಟೋ ತೆಗೆದು ಬರಬೇಡಿ.

ಹೊರಗೆ ಬಂದರೆ ಚಿಕ್ಕ ಗಡಿಯಾರ. ವೈಸ್‌ರಾಯ್ ಲಾರ್ಡ್ ಡಫರಿನ್ ಬಂದ ನೆನಪಿಗೆ ಕಟ್ಟಿದ್ದು. ಸ್ವಲ್ಪ ಆಚೆ ಟೌನ್ ಹಾಲ್ ಪಕ್ಕ ದೊಡ್ಡ ಗಡಿಯಾರ, ನಾಲ್ವಡಿಯವರ ಆಳ್ವಿಕೆಗೆ 25 ವರ್ಷ ತುಂಬಿದಾಗ, 1927ರಲ್ಲಿ, ಅರಮನೆ ನೌಕರರು ಕಟ್ಟಿಸಿದ್ದು. ಅದರ ಮುಖದ ಮೇಲಿನ ಅಂಕಿಗಳು ಕನ್ನಡದವು. ಮಕ್ಕಳಿಗೆ ಗಂಟೆ ಎಷ್ಟು ಅಂತ ಅಲ್ಲೇ ಓದಿಸಿ. ಮೈಸೂರು ಪಾಕಿಗೆ ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್. ಅರಮನೆ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ. ಅಂಗಡಿ ಚಿಕ್ಕದು, ಸಾಲು ದೊಡ್ಡದು. ಊರಿಗೆ ಒಯ್ಯುವುದನ್ನು ಪ್ಯಾಕ್ ಮಾಡಿಸಿ, ಒಂದು ತುಂಡು ಬಿಸಿಯಾಗಿದ್ದಾಗಲೇ ಅಲ್ಲೇ ತಿನ್ನಿ.

ಮಂಗಳವಾರ ಹತ್ತು ಗಂಟೆಗೆ ಅರಮನೆ ಒಳಗೆ. ಬಾಗಿಲು ತೆಗೆಯುವ ಹೊತ್ತಿಗೇ ಹೋಗಬೇಕು. ಚಪ್ಪಲಿ ಹೊರಗೆ ಬಿಡಬೇಕು, ಮಧ್ಯಾಹ್ನವಾದರೆ ಅಂಗಳದ ಕಲ್ಲು ಕಾದಿರುತ್ತದೆ. ವಯಸ್ಸಾದವರಿಗೆ ಒಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ಇದು ಹೆನ್ರಿ ಇರ್ವಿನ್ ಅವರ ನಕ್ಷೆಯಂತೆ 1912ರಲ್ಲಿ ಮುಗಿದ ಅರಮನೆ. ಕಲ್ಯಾಣ ಮಂಟಪದಲ್ಲಿ ಎಲ್ಲರೂ ಮೇಲಿನ ನವಿಲಿನ ಗಾಜು ನೋಡುತ್ತಾರೆ, ನೋಡಲೇಬೇಕು. ಜೊತೆಗೆ ಕಂಬಗಳನ್ನೂ ನೋಡಿ. ಅವು ಕಲ್ಲಲ್ಲ, ಎರಕದ ಕಬ್ಬಿಣ. ಗ್ಲಾಸ್ಗೋದಲ್ಲಿ ಮಾಡಿ ಹಡಗಿನಲ್ಲಿ ತಂದದ್ದು. ಹಳೇ ಅರಮನೆ ಬೆಂಕಿಗೆ ಹೋಗಿತ್ತು, ಅದೂ ಒಂದು ಮದುವೆಯ ಸಮಯದಲ್ಲಿ. ಮತ್ತೆ ಮದುವೆ ನಡೆಸಲು ಕಟ್ಟಿದ ಮಂಟಪಕ್ಕೆ ಕಬ್ಬಿಣದ ಕಂಬ ಹಾಕಿದ್ದು ನೋಡಿದಾಗ ಆ ಮನೆಯವರ ಮನಸ್ಸು ಅರ್ಥವಾದ ಹಾಗಾಗುತ್ತದೆ.

ಕಾಲಲ್ಲಿ ಶಕ್ತಿ ಇರುವವರು ಇನ್ನೊಂದು ರಾತ್ರಿ ಉಳಿದು ಚಾಮುಂಡಿ ಬೆಟ್ಟ ಸೇರಿಸಿಕೊಳ್ಳಿ. ಸಿಟಿ ಬಸ್ ನಿಲ್ದಾಣದಿಂದ 201 ನಂಬರಿನ ಬಸ್ಸು ಹೋಗುತ್ತದೆ. ಬಸ್ಸಲ್ಲಿ ಹತ್ತಿ, ದರ್ಶನ ಮಾಡಿ, ಮೆಟ್ಟಿಲಲ್ಲಿ ಇಳಿಯಿರಿ. ಸಾವಿರ ಮೆಟ್ಟಿಲು. ದಾರಿಯಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದ ನಂದಿ ಸಿಗುತ್ತಾನೆ. ಆಷಾಢ ಶುಕ್ರವಾರ ಮಾತ್ರ ಬೇಡ, ಜನಜಂಗುಳಿ.

ಹೊರಡುವ ದಿನ ರೂಮ್ ಖಾಲಿ ಮಾಡಿದ ಮೇಲೂ ಬ್ಯಾಗು ಹೋಟೆಲಿನಲ್ಲೇ ಇಡಬಹುದು, ಕೇಳಿದರೆ ಇಟ್ಟುಕೊಳ್ಳುತ್ತಾರೆ. ಸ್ಟೇಷನ್ ಹತ್ತಿರವಿರುವುದರಿಂದ ರೈಲಿಗೆ ಮುಕ್ಕಾಲು ಗಂಟೆ ಇರುವಾಗ ಹೊರಟರೂ ಸಾಕು. ನಾವು ಕೊನೆಯ ಕಾಫಿ ಜಗಲಿಯಲ್ಲೇ ಕುಡಿದೆವು. ಕಟ್ಟಡ ತೋರಿಸಿದವರು ಬಂದು ಅಮ್ಮನಿಗೆ ಕೈಮುಗಿದರು.

ಮಾರುಕಟ್ಟೆಯಲ್ಲಿ ಒಂದು ಕಟ್ಟು ಚಿಗುರೆಲೆ ಕೊಂಡಿದ್ದೆವು. ವೀಳ್ಯದೆಲೆ ಊರಿಗೆ ಒಯ್ಯುವುದಾದರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಡಿ, ಬೆವತು ಕೊಳೆಯುತ್ತದೆ. ಬಾಳೆಲೆಯಲ್ಲಿ ಸುತ್ತಿ, ಮೇಲೆ ಒದ್ದೆ ಬಟ್ಟೆ ಕಟ್ಟಿ. ಅರಸೀಕೆರೆಯಲ್ಲಿ ರೈಲು ನಿಂತಾಗ ಅಮ್ಮ ಪೊಟ್ಟಣ ಬಿಚ್ಚಿ, ಬಾಟಲಿಯ ನೀರು ಕೈಗೆ ಹಾಕಿಕೊಂಡು, ಎಲೆಗಳ ಮೇಲೆ ಚಿಮುಕಿಸಿ ಮತ್ತೆ ಕಟ್ಟಿದರು.